ಪಾಲಿಗೆ ಮುನ್ನ ಮಣ್ಣಿನ ಇಂಗು ಪರೀಕ್ಷೆ

ತೋಟ ಪಾಲು ಮಾಡುವಾಗ ನಾವು ಮರ ಎಣಿಸುತ್ತೇವೆ, ಗುಂಟೆ ಅಳೆಯುತ್ತೇವೆ, ರಸ್ತೆಗೆ ಯಾರು ಹತ್ತಿರ, ಹಳ್ಳದ ನೀರು ಯಾರಿಗೆ ಎಂದು ರಾತ್ರಿಯಿಡೀ ಚರ್ಚಿಸುತ್ತೇವೆ. ನಾಳೆ ಪ್ರತಿ ಪಾಲಿನಲ್ಲೂ ಒಂದು ಮನೆ ಏಳುತ್ತದೆ. ಅದರೊಡನೆ ಬಾವಿ, ಬಚ್ಚಲು, ಪಾಯಿಖಾನೆ ಬರುತ್ತವೆ. ಆ ಕೊಳೆನೀರನ್ನು ಕುಡಿಯುವ ಶಕ್ತಿ ಅಲ್ಲಿಯ ಮಣ್ಣಿಗಿದೆಯೇ ಎಂದು ಕೇಳುವವರು ಮಾತ್ರ ಅಪರೂಪ. 11ಇ ನಕ್ಷೆಯಲ್ಲಿ ಗಡಿ ಕಾಣುತ್ತದೆ, ಮಣ್ಣಿನ ಹೊಟ್ಟೆ ಕಾಣುವುದಿಲ್ಲ.

ಮಲೆನಾಡಿನಲ್ಲಿ ಒಂದೇ ಸರ್ವೆ ನಂಬರಿನೊಳಗೆ ಮಣ್ಣು ಮೂರು ಬಗೆಯಾಗಿರುವುದುಂಟು. ಮೇಲಿನ ಕಾಫಿ ಇಳಿಜಾರಿನ ಕೆಮ್ಮಣ್ಣು ಸಾಮಾನ್ಯವಾಗಿ ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಕೆಳಗೆ, ಗದ್ದೆಯನ್ನು ಅಡಿಕೆ ತೋಟ ಮಾಡಿದ ಕಡೆ ಜೇಡಿ. ಮಳೆಗಾಲದಲ್ಲಿ ಎರಡಡಿ ಅಗೆದರೆ ನೀರು. ಮುರಕಲ್ಲಿನ ಜಾಗದಲ್ಲಿ ಕೊಳೆನೀರು ಸೋಸದೆಯೇ ತೂತುಗಳೊಳಗೆ ಹರಿದು ಬಾವಿ ಸೇರುವ ಭಯ.

ಪರೀಕ್ಷೆ ಸುಲಭ. ಪ್ರತಿ ಪಾಲಿನಲ್ಲಿ ಮನೆ ಕಟ್ಟಬಹುದಾದ ಜಾಗದ ಬಳಿ, ಒಂದು ಅಡಿಗಿಂತ ಅಗಲವಿಲ್ಲದ ಗುಂಡಿಯನ್ನು ಸುಮಾರು ಮೂರಡಿ ಆಳಕ್ಕೆ ತೆಗೆಯಿರಿ. ಹಾರೆಯ ಏಟಿಗೆ ನುಣುಪಾದ ಬದಿಗಳನ್ನು ಕತ್ತಿಯ ತುದಿಯಿಂದ ಕೆರೆದು, ತಳದಲ್ಲಿ ಎರಡಂಗುಲ ಸಣ್ಣ ಜಲ್ಲಿ ಹರಡಿ. ಜಲ್ಲಿಯ ಮೇಲೆ ಒಂದಡಿ ನೀರು ನಿಲ್ಲಿಸಿ, ಕಡಿಮೆಯೆಂದರೆ ನಾಲ್ಕು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ಮಣ್ಣು ನೆನೆಯಲು ಬಿಡಿ. ಈ ನೆನೆಸುವಿಕೆಯನ್ನು ತಪ್ಪಿಸಬಾರದು. ಒಣಮಣ್ಣು ಮೊದಲು ಎಷ್ಟು ನೀರು ಕೊಟ್ಟರೂ ಕುಡಿದು ನಮ್ಮನ್ನು ಮೋಸಗೊಳಿಸುತ್ತದೆ. ಇದೇ ಕಾರಣಕ್ಕೆ ಏಪ್ರಿಲಿನ ಬಿರುಕು ನೆಲದಲ್ಲಿ ಮಾಡಿದ ಪರೀಕ್ಷೆಯನ್ನು ನಾವು ನಂಬುವುದಿಲ್ಲ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್ ಮೇಲು.

ನೆನೆದ ಮೇಲೆ ಜಲ್ಲಿಯ ಮೇಲೆ ಆರಂಗುಲ ನೀರು ಉಳಿಯುವಂತೆ ಸರಿಪಡಿಸಿ, ಅಡಿಕೋಲು ಇಟ್ಟು ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ನೋಡಿ. ಭಾರತೀಯ ಮಾನಕ 2470ರ ಎರಡನೆಯ ಭಾಗದಲ್ಲಿ (1985) ಹೇಳಿರುವ ಲೆಕ್ಕವನ್ನು ನಮ್ಮ ಅಂಗುಲಕ್ಕೆ ಇಳಿಸಿದರೆ ಹೀಗೆ: ಒಂದಂಗುಲ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಸೆಪ್ಟಿಕ್ ಟ್ಯಾಂಕಿನ ನೀರಿಗೆ ಇಂಗುಗುಂಡಿ ಸಾಕು. ಅರ್ಧದಿಂದ ಒಂದಂಗುಲದೊಳಗಾದರೆ ಗುಂಡಿ ಕಟ್ಟಿಕೊಳ್ಳುತ್ತದೆ, ಜಲ್ಲಿ ತುಂಬಿದ ಉದ್ದನೆಯ ಇಂಗುಚರಂಡಿ ಬೇಕು. ಅರ್ಧ ಅಂಗುಲವೂ ಇಳಿಯದಿದ್ದರೆ ಎರಡೂ ಕೆಲಸ ಮಾಡವು. ಒಂದು ಗುಂಡಿಯ ಅಂಕಿಯನ್ನು ನೆಚ್ಚದೆ ಎರಡು ಮೂರು ಕಡೆ ನೋಡುವುದು ಕ್ಷೇಮ.

ಪಕ್ಕದಲ್ಲಿ ಆರಡಿ ಆಳದ ಇನ್ನೊಂದು ಗುಂಡಿ ತೆಗೆದು ಮಣ್ಣಿನ ಬಣ್ಣ ನೋಡಿ. ಬೂದುಬಣ್ಣ, ನಡುವೆ ತುಕ್ಕಿನಂಥ ಚುಕ್ಕೆ ಕಂಡರೆ, ಈಗ ಒಣಗಿದ್ದರೂ ವರ್ಷದ ಕೆಲವು ತಿಂಗಳು ಅಲ್ಲಿಯವರೆಗೆ ನೀರು ನಿಲ್ಲುತ್ತದೆ ಎಂದೇ ತಿಳಿಯಬೇಕು.

ಇನ್ನು ದೂರದ ಮಾತು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಹತ್ತಿರ ಹತ್ತಿರ 60 ಅಡಿಯಾದರೂ ದೂರವಿರಬೇಕು; ಮುರಕಲ್ಲಿನಲ್ಲಿ ಇನ್ನೂ ಹೆಚ್ಚು ಬಿಡುವುದು ಒಳ್ಳೆಯದು. ಗುಡ್ಡದಿಂದ ಹಳ್ಳದವರೆಗೆ ಪಟ್ಟಿ ಪಟ್ಟಿಯಾಗಿ ಸೀಳುವುದು ನಮ್ಮಲ್ಲಿ ರೂಢಿ. 660 ಅಡಿ ಉದ್ದ, 66 ಅಡಿ ಅಗಲವಿದ್ದರೆ ಒಂದು ಎಕರೆ. ಅಣ್ಣ ಪಟ್ಟಿಯ ನಡುವೆ ಬಾವಿ ತೋಡಿದರೆ ಗಡಿಗೆ 33 ಅಡಿ. ತಮ್ಮ ಅದರ ನೇರಕ್ಕೆ ತನ್ನ ಗಡಿಯಿಂದ ಹತ್ತಡಿಯಲ್ಲಿ ಗುಂಡಿ ತೆಗೆದರೆ ದೂರ 43 ಅಡಿ ಮಾತ್ರ! ಇಬ್ಬರೂ ತಮ್ಮ ತಮ್ಮ ಜಾಗದಲ್ಲೇ ಇದ್ದಾರೆ, ಬಾವಿ ಕೆಟ್ಟಿತು. ಇಂಥ ಜಗಳಕ್ಕೆ ಪಂಚಾಯಿತಿ ಸೇರಿಸಿಯೂ ಪ್ರಯೋಜನವಿಲ್ಲ.

ಆದ್ದರಿಂದ ನಕ್ಷೆಗೆ ಅರ್ಜಿ ಹಾಕುವ ಮೊದಲೇ ಪಾಲುದಾರರೆಲ್ಲರ ಎದುರಿನಲ್ಲಿ ಪರೀಕ್ಷೆ ನಡೆಯಲಿ, ಅಂಕಿ ಬರೆದು ಎಲ್ಲರೂ ಸಹಿ ಹಾಕಲಿ. ಜೇಡಿಯ ಪಾಲು ಬಂದವನಿಗೆ ಇಂಗುಚರಂಡಿಗಾಗಿ ಮೇಲಿನ ಇಳಿಜಾರಿನಲ್ಲಿ ನಾಲ್ಕಾರು ಗುಂಟೆ ಬಿಡುವುದು ನ್ಯಾಯ. ಬಾವಿ, ಗುಂಡಿ, ಬಸಿಗಾಲುವೆ ಹಾದು ಹೋಗುವ ದಾರಿ, ಮೂರನ್ನೂ ವಿಭಾಗಪತ್ರದಲ್ಲಿ ಸ್ಪಷ್ಟವಾಗಿ ಬರೆಸಬೇಕು. ಕಾಫಿ ಪಲ್ಪರಿನ ನೀರನ್ನು ಈ ಗುಂಡಿಗಳಿಗೆ ಬಿಡಲೇಬಾರದು. ಅದರ ವಿಲೇವಾರಿಗೆ ಬೇರೆಯೇ ವ್ಯವಸ್ಥೆ ಬೇಕು.