ಮನೆಯ ಗ್ಲುಕೋಮೀಟರ್: ಬಳಕೆ ಮತ್ತು ಆರೈಕೆಯ ಮುಖ್ಯಾಂಶಗಳು

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನರ್ಸಿಂಗ್ ಮತ್ತು ಸಮುದಾಯ ಆರೋಗ್ಯ ಪರೀಕ್ಷಾರ್ಥಿಗಳಿಗೆ)

ಮೂಲ ತತ್ವ
- ಸ್ಟ್ರಿಪ್‌ನಲ್ಲಿರುವ ಕಿಣ್ವ (ಗ್ಲೂಕೋಸ್ ಆಕ್ಸಿಡೇಸ್ ಅಥವಾ ಗ್ಲೂಕೋಸ್ ಡಿಹೈಡ್ರೋಜಿನೇಸ್) ರಕ್ತದ ಗ್ಲೂಕೋಸ್ ಜೊತೆ ವರ್ತಿಸಿ ಸಣ್ಣ ವಿದ್ಯುತ್ ಪ್ರವಾಹ ಉಂಟುಮಾಡುತ್ತದೆ. ಮೀಟರ್ ಅಳೆಯುವುದು ಈ ಪ್ರವಾಹವನ್ನು.
- ಕಿಣ್ವ ವಿದ್ಯುದ್ವಾರದ ಪರಿಕಲ್ಪನೆ: ಲೆಲ್ಯಾಂಡ್ ಕ್ಲಾರ್ಕ್, 1962.
- ಏಕಮಾನ: ಮಿ.ಗ್ರಾಂ/ಡೆ.ಲೀ. 1 ಮಿಲಿಮೋಲ್/ಲೀ = 18 ಮಿ.ಗ್ರಾಂ/ಡೆ.ಲೀ.
- ಐಎಸ್‌ಒ 15197:2013 ಮಾನದಂಡ: ಶೇ 95ರಷ್ಟು ಅಳತೆಗಳು ಲ್ಯಾಬ್ ಅಂಕಿಯಿಂದ ಶೇ ±15ರೊಳಗೆ ಇರಬೇಕು, 100ಕ್ಕಿಂತ ಕಡಿಮೆ ಇದ್ದಾಗ ±15 ಮಿ.ಗ್ರಾಂ ಒಳಗೆ.

ನೆನಪಿಡಬೇಕಾದ ಅಂಕಿಗಳು
- ಮಧುಮೇಹದ ರೋಗನಿರ್ಣಯ: ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚು. ನಿರ್ಣಯ ಲ್ಯಾಬ್‌ನದು, ಮನೆಯ ಮೀಟರ್ ನಿಗಾ ಇಡುವುದಕ್ಕೆ ಮಾತ್ರ.
- 70ಕ್ಕಿಂತ ಕಡಿಮೆ: ಹೈಪೊಗ್ಲೈಸೀಮಿಯಾ. 15 ಗ್ರಾಂ ಸಕ್ಕರೆ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು. 108ಕ್ಕೆ ಕರೆ ಮಾಡಬೇಕು.

ಪರೀಕ್ಷಿಸುವ ಕ್ರಮ
1. ಸೋಪಿನಿಂದ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು.
2. ಸ್ಟ್ರಿಪ್‌ನ ಅವಧಿ ನೋಡಿ ಮೀಟರ್‌ಗೆ ಸೇರಿಸಬೇಕು. ಕೋಡ್ ಕೇಳುವ ಮೀಟರ್ ಆದರೆ ಡಬ್ಬಿಯ ಕೋಡ್‌ಗೆ ಹೊಂದಿಸಬೇಕು.
3. ಬೆರಳ ತುದಿಯ ಮಧ್ಯಕ್ಕಲ್ಲ, ಪಕ್ಕಕ್ಕೆ ಚುಚ್ಚಬೇಕು, ನೋವು ಕಡಿಮೆ.
4. ಬೆರಳನ್ನು ಬಲವಾಗಿ ಹಿಂಡಬಾರದು. ಬಂದ ರಕ್ತದ ಹನಿಯನ್ನು ಸ್ಟ್ರಿಪ್‌ಗೆ ತಾಗಿಸಬೇಕು.
5. ಅಂಕಿ, ದಿನ, ಸಮಯ, ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಬರೆದಿಡಬೇಕು.

ತಪ್ಪು ಅಂಕಿಗೆ ಕಾರಣಗಳು
- ಮಾವಿನ ಹಣ್ಣು ತಿಂದ ಕೈಯನ್ನು ತೊಳೆಯದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ.
- ಗಂಗಾವತಿ ಭಾಗದಲ್ಲಿ ಭತ್ತದ ನಾಟಿ ಮುಗಿಸಿ ಬಂದವರ ಒದ್ದೆ ಬೆರಳಿನಲ್ಲಿ ರಕ್ತ ನೀರಾಗಿ, ಅಂಕಿ ಇಳಿಯಬಹುದು.
- ರಕ್ತಹೀನತೆ ಇದ್ದರೆ ಹಲವು ಮೀಟರ್‌ಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ.

ಆರೈಕೆ
- ಬಿಸಿಲು ಮತ್ತು ತೇವ ಸ್ಟ್ರಿಪ್‌ನ ಕಿಣ್ವವನ್ನು ಕೆಡಿಸುತ್ತವೆ. ಹೆಚ್ಚಿನ ಸ್ಟ್ರಿಪ್‌ಗಳನ್ನು ಇಡಬೇಕಾದ ಉಷ್ಣತೆಯ ಮೇಲಿನ ಮಿತಿ 30 ಡಿಗ್ರಿ ಸೆಲ್ಸಿಯಸ್. ಕುಷ್ಟಗಿ, ಯಲಬುರ್ಗಾ ಕಡೆ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ಮುಟ್ಟುವಾಗ ತಗಡಿನ ಚಾವಣಿಯ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಇಡಬಾರದು. ಫ್ರಿಜ್‌ನಲ್ಲಿ, ನೀರಿನ ಹರವಿಯ ಪಕ್ಕದಲ್ಲೂ ಬೇಡ. ಗೋಡೆಯ ತಂಪಾದ, ಒಣ ಮಾಡ ಒಳ್ಳೆಯದು.
- ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿ ಮುಚ್ಚಬೇಕು. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಬೇಕು.
- ಒಂದು ಲ್ಯಾನ್ಸೆಟ್ ಒಮ್ಮೆಗೆ ಮಾತ್ರ. ಚುಚ್ಚುವ ಪೆನ್ನನ್ನು ಮನೆಯವರ ನಡುವೆಯೂ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ಹರಡುವ ಅಪಾಯವಿದೆ.
- ಬಳಸಿದ ಸೂಜಿಯನ್ನು ಚುಚ್ಚಿ ಹೊರಬಾರದಂಥ ಗಟ್ಟಿ ಡಬ್ಬಿಯಲ್ಲಿ ಹಾಕಬೇಕು, ತಿಪ್ಪೆಗೆ ಎಸೆಯಬಾರದು.
- ಲ್ಯಾಬ್‌ನಲ್ಲಿ ರಕ್ತ ಕೊಡುವ ದಿನ, ಖಾಲಿ ಹೊಟ್ಟೆಯಲ್ಲೇ, ಅದೇ ಹೊತ್ತಿಗೆ ನಿಮ್ಮ ಮೀಟರ್‌ನಲ್ಲೂ ನೋಡಿ ಹೋಲಿಸಬೇಕು.

ಕೊನೆಯ ಮಾತು: ದೇಹದ ಲಕ್ಷಣಕ್ಕೂ ಮೀಟರ್‌ನ ಅಂಕಿಗೂ ತಾಳೆಯಾಗದಿದ್ದರೆ ಕೈ ತೊಳೆದು, ಹೊಸ ಸ್ಟ್ರಿಪ್‌ನಲ್ಲಿ ಮತ್ತೊಮ್ಮೆ ನೋಡಿ. ಆಗಲೂ ಅನುಮಾನ ಉಳಿದರೆ ಆಸ್ಪತ್ರೆಗೆ ಹೋಗಿ. ಒಂದೇ ಅಂಕಿ ನಂಬಿ ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ನೀವೇ ಬದಲಿಸಬೇಡಿ.