ಆಧಾರ್ ಇಲ್ಲದ ಮಗುವಿಗೂ ಲಸಿಕೆ ಇದೆ: ಹಾಕಿಸುವುದು ಹೇಗೆ?

ಬೆಂಗಳೂರಿನ ಹೊರವಲಯದಲ್ಲಿ ಖಾಲಿ ಸೈಟುಗಳ ನಡುವೆ ನೀಲಿ ಟಾರ್ಪಾಲಿನ ಗುಡಿಸಲುಗಳ ಸಾಲನ್ನು ನೀವು ನೋಡಿರುತ್ತೀರಿ. ಚಿಂದಿ ಆಯ್ದು ವಿಂಗಡಿಸುವವರು, ಗಾರೆ ಕೆಲಸದವರು, ಪಕ್ಕದ ಅಪಾರ್ಟ್‌ಮೆಂಟಿಗೆ ಮನೆಗೆಲಸಕ್ಕೆ ಬರುವವರು ಅಲ್ಲಿರುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಕುಟುಂಬಗಳಿವೆ. ಇವರಲ್ಲಿ ಹಲವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಕೆಲವರದು ನೆರೆಯಲ್ಲಿ ಹೋಗಿದೆ, ಕೆಲವರದು ಮೇಸ್ತ್ರಿಯ ಬಳಿ ಸಿಕ್ಕಿಕೊಂಡಿದೆ. ಗಡಿ ದಾಟಿ ಬಂದವರಿಗಂತೂ ಮೊದಲಿನಿಂದಲೂ ಇಲ್ಲ. ದೊಡ್ಡವರ ಕಾಗದದ ತಕರಾರು ಎಂದಾದರೂ ಬಗೆಹರಿಯಲಿ, ದಡಾರದ ಲಸಿಕೆ ಹಾಕಿಸಬೇಕಾದ ಮಗುವಿನ ಒಂಬತ್ತನೇ ತಿಂಗಳು ಮಾತ್ರ ಅದಕ್ಕಾಗಿ ಕಾಯುವುದಿಲ್ಲ.

ಈ ತಂದೆತಾಯಿಯರು ಕನ್ನಡ ಪತ್ರಿಕೆ ಓದುವವರಲ್ಲ. ಹಾಗಾಗಿ ಈ ಮಾಹಿತಿ ಇರುವುದು ಅವರ ಸುತ್ತ ಇರುವ ನಿಮಗಾಗಿ: ಅವರಿಗೆ ಕೆಲಸ ಕೊಟ್ಟ ಮನೆಯವರಿಗೆ, ಸೈಟ್ ಎಂಜಿನಿಯರಿಗೆ, ತೋಟದ ರೈಟರಿಗೆ, ಹತ್ತಿರದ ಶಾಲೆಯ ಮೇಷ್ಟರಿಗೆ.

ಕಾನೂನು ಏನು ಹೇಳುತ್ತದೆ

ಸರ್ಕಾರಿ ಲಸಿಕೆ ಎಲ್ಲ ಮಕ್ಕಳಿಗೂ ಉಚಿತ. ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಭಾರತೀಯರಿಗೆ ಮಾತ್ರ ಸೀಮಿತವಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬರಿಗೂ ಅನ್ವಯಿಸುತ್ತದೆ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ, ಆಧಾರ್ ಸಂಖ್ಯೆ ಕೊಡಲಾಗದ ಕಾರಣಕ್ಕೆ ಯಾವ ಮಗುವಿಗೂ ಯೋಜನೆಯ ಲಾಭ ತಪ್ಪಬಾರದು ಎಂದೂ ಹೇಳಿದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರವೂ ಆರೋಗ್ಯದ ವಿಷಯಕ್ಕೆ ತಂದೆತಾಯಿಯ ಸ್ಥಾನಮಾನ ಅಡ್ಡ ಬರುವಂತಿಲ್ಲ. ಲಸಿಕೆ ಕೇಂದ್ರದಲ್ಲಿ ಯಾರಾದರೂ ತಡೆದರೆ ಈ ಮೂರು ಮಾತು ನೆನಪಿರಲಿ.

ಮೊದಲ ಹೆಜ್ಜೆ: ಆಶಾ ಕಾರ್ಯಕರ್ತೆಯನ್ನು ಹುಡುಕಿ

ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗುವ ಅಗತ್ಯವಿಲ್ಲ. ಹತ್ತಿರದ ಅಂಗನವಾಡಿಗೆ ಹೋಗಿ ಈ ಪ್ರದೇಶ ಯಾವ ಆಶಾ ಕಾರ್ಯಕರ್ತೆಗೆ ಸೇರಿದ್ದು ಎಂದು ಕೇಳಿ. ಅಂಗನವಾಡಿ ಟೀಚರಿಗೆ ಅದು ಗೊತ್ತಿರುತ್ತದೆ. ನಗರದಲ್ಲಾದರೆ ನಗರ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಲ್ಲಿ, ಹಳ್ಳಿಯಲ್ಲಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಎಲ್ಲೂ ಸುಳಿವು ಸಿಗದಿದ್ದರೆ 104ಕ್ಕೆ ಕರೆ ಮಾಡಿ, ಅದು ಆರೋಗ್ಯ ಸಹಾಯವಾಣಿ.

ಎರಡನೆಯದು: ಇಡೀ ಗುಡಿಸಲು ಸಾಲು ಪಟ್ಟಿಗೆ ಸೇರಲಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮನೆಗೆಲಸದಾಕೆಯ ಮಗುವೊಂದನ್ನು ನಿಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿ ಚುಚ್ಚುಮದ್ದು ಹಾಕಿಸುವುದು ಒಳ್ಳೆಯ ಕೆಲಸವೇ. ಆದರೆ ಮುಂದಿನ ಡೋಸ್ ಮತ್ತೆ ನಿಮ್ಮ ಬಿಡುವನ್ನೇ ಕಾಯಬೇಕಾಗುತ್ತದೆ, ಪಕ್ಕದ ಗುಡಿಸಲಿನ ಮಗು ಹಾಗೆಯೇ ಉಳಿಯುತ್ತದೆ. ಪ್ರತಿ ಆರೋಗ್ಯ ಕೇಂದ್ರವೂ ಯಾವ ವಾರ ಯಾವ ಜಾಗದಲ್ಲಿ ಲಸಿಕೆ ಹಾಕಬೇಕು ಎಂಬ ಯೋಜನೆ ಇಟ್ಟುಕೊಂಡಿರುತ್ತದೆ. ಇಲಾಖೆಯವರು ಅದನ್ನು ಮೈಕ್ರೊಪ್ಲಾನ್ ಎನ್ನುತ್ತಾರೆ. ಇಟ್ಟಿಗೆ ಗೂಡು, ಕಟ್ಟಡ ಕಾಮಗಾರಿಯ ಶೆಡ್ಡು, ಅಲೆಮಾರಿಗಳ ಬಿಡಾರ, ಕೊಳೆಗೇರಿಗಳನ್ನು ಹೆಚ್ಚು ಅಪಾಯದ ಪ್ರದೇಶಗಳೆಂದು ಗುರುತಿಸಿ ಅದರಲ್ಲಿ ಸೇರಿಸಬೇಕೆಂಬುದು ನಿಯಮ. ಆದರೆ ನಿನ್ನೆ ಎದ್ದ ಗುಡಿಸಲು ಇಂದಿನ ಪಟ್ಟಿಯಲ್ಲಿರುವುದಿಲ್ಲ. ಹೊಸ ಸಾಲು ಎದ್ದಿದೆ, ಇಷ್ಟು ಮಕ್ಕಳಿದ್ದಾರೆ ಎಂದು ಯಾರಾದರೂ ತಿಳಿಸಬೇಕು.

ಅದನ್ನು ನೀವು ತಿಳಿಸಿ. ಜಾಗದ ಗುರುತು, ಸುಮಾರು ಎಷ್ಟು ಕುಟುಂಬ, ಐದು ವರ್ಷದೊಳಗಿನ ಮಕ್ಕಳು ಎಷ್ಟು, ಬಸುರಿಯರು ಎಷ್ಟು, ಕೆಲಸದಿಂದ ಎಷ್ಟು ಗಂಟೆಗೆ ಮರಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ. ಅವರು ಯಾವ ದೇಶದವರು, ಯಾವ ಧರ್ಮದವರು ಎಂದು ಬರೆಯಬೇಡಿ, ಲಸಿಕೆಗೆ ಅದು ಬೇಕಿಲ್ಲ. ಒಮ್ಮೆ ಪಟ್ಟಿಗೆ ಸೇರಿದರೆ ನರ್ಸಮ್ಮ ಲಸಿಕೆಯ ಪೆಟ್ಟಿಗೆ ಹಿಡಿದು ಅಲ್ಲಿಗೇ ಬರುವಂತಾಗುತ್ತದೆ.

ಭಯ ಇರುವವರನ್ನು ಹೇಗೆ ಮಾತಾಡಿಸುವುದು

ಕಾಗದವಿಲ್ಲದವರಿಗೆ ರಿಜಿಸ್ಟರ್ ಹಿಡಿದು ಬಂದವರೆಲ್ಲ ಒಂದೇ ಥರ ಕಾಣುತ್ತಾರೆ. ಗುಡಿಸಲುಗಳ ಮೇಲೆ ಪೊಲೀಸರು ಬಂದು ಹೋದ ನೆನಪು ಅವರಿಗಿದೆ. ಆದ್ದರಿಂದ ಮೊದಲ ಸಲ ಆಶಾ ಕಾರ್ಯಕರ್ತೆ ಒಬ್ಬರನ್ನೇ ಕಳಿಸಬೇಡಿ. ಅಲ್ಲಿನ ಹೆಂಗಸರು ನಂಬುವ ಒಬ್ಬರು ಜೊತೆಗಿರಲಿ. ಕೇಳುವುದು ಮಗುವಿನ ಹೆಸರು, ವಯಸ್ಸು, ತಾಯಿಯ ಹೆಸರು, ಇದ್ದರೆ ಫೋನ್ ನಂಬರ್ ಎಂದು ಮೊದಲೇ ಹೇಳಿ. ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ. ಗುಡಿಸಲುಗಳ ಫೋಟೊ ತೆಗೆದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಕೆಲಸ ಬೇಗ ಆಗಲೆಂದು ಬೇರೆಯವರ ಆಧಾರ್ ನಂಬರ್ ಬರೆಸುವವರಿದ್ದಾರೆ, ಅದನ್ನು ಖಂಡಿತ ಮಾಡಬೇಡಿ. ಮುಂದೆ ಆ ಕುಟುಂಬಕ್ಕೇ ಅದು ಕುತ್ತಾಗುತ್ತದೆ. ಆಧಾರ್ ಇಲ್ಲ ಎಂದು ನೇರವಾಗಿ ಹೇಳಿದರೆ ಸಾಕು.

ಯಾವಾಗ, ಯಾವ ಲಸಿಕೆ

ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆಯ ದಿನ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಪೆಂಟಾವೇಲೆಂಟ್, ರೋಟಾ ವೈರಸ್, ಪೋಲಿಯೊ ಹನಿ. ಇವುಗಳ ಜೊತೆ ಆರು ಮತ್ತು ಹದಿನಾಲ್ಕನೇ ವಾರ ನ್ಯುಮೊನಿಯಾ ತಡೆಯುವ ಪಿಸಿವಿ ಮತ್ತು ಪೋಲಿಯೊ ಚುಚ್ಚುಮದ್ದು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾದ ಮೊದಲ ಡೋಸ್, 16ರಿಂದ 24 ತಿಂಗಳೊಳಗೆ ಎರಡನೆಯದು ಮತ್ತು ಡಿಪಿಟಿ ಬೂಸ್ಟರ್. ಐದಾರು ವರ್ಷಕ್ಕೆ ಮತ್ತೊಂದು ಡಿಪಿಟಿ. ಹತ್ತು ಮತ್ತು ಹದಿನಾರು ವರ್ಷಕ್ಕೆ ಟಿಡಿ.

ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ದಡಾರದ ಎರಡು ಡೋಸ್ ತಪ್ಪದಂತೆ ಮಾತ್ರ ವಿಶೇಷವಾಗಿ ನೋಡಿಕೊಳ್ಳಿ. ಲಸಿಕೆ ಇಲ್ಲದವರ ನಡುವೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಸೋಂಕು ಹರಡಬಲ್ಲದು. ಅದನ್ನು ತಡೆಯಲು ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಂಥ ಕಿಕ್ಕಿರಿದ ಬಡಾವಣೆಗಳಲ್ಲಿ ದಡಾರ ಹರಡಿ ಮಕ್ಕಳು ಸತ್ತದ್ದನ್ನು ನಾವು ಕಂಡಿದ್ದೇವೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಲಸಿಕೆ ಆಗಿದೆಯೇ ಎಂದರೆ ತಾಯಂದಿರು ‘ಹನಿ ಹಾಕಿಸಿದ್ದೇವೆ’ ಎನ್ನುತ್ತಾರೆ. ಅದು ಪಲ್ಸ್ ಪೋಲಿಯೊ. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲೂ ಕಾಗದ ಕೇಳದೆ ಹನಿ ಹಾಕಿ, ಕಿರುಬೆರಳಿಗೆ ಗುರುತು ಹಚ್ಚಿದ ಆ ಶ್ರಮದಿಂದಲೇ 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ದೃಢಪಟ್ಟಿತು. ಆದರೆ ಆ ಹನಿ ದಡಾರ, ಗಂಟಲಮಾರಿ, ಧನುರ್ವಾಯುಗಳನ್ನು ತಡೆಯುವುದಿಲ್ಲ.

ತಡವಾಗಿದ್ದರೆ

ವಯಸ್ಸು ಮೀರಿತೆಂದು ಕೈಬಿಡಬೇಡಿ. ನಡುವೆ ನಿಂತ ಡೋಸುಗಳನ್ನು ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಬಿಸಿಜಿಯನ್ನು ಒಂದು ವರ್ಷದವರೆಗೆ, ದಡಾರ-ರುಬೆಲ್ಲಾ ಮತ್ತು ಪೋಲಿಯೊ ಹನಿಯನ್ನು ಐದು ವರ್ಷದವರೆಗೆ, ಡಿಪಿಟಿಯನ್ನು ಏಳು ವರ್ಷದವರೆಗೆ ಕೊಡುತ್ತಾರೆ. ಒಂದೇ ದಿನ ಎರಡು ಮೂರು ಚುಚ್ಚುಮದ್ದು ಕೊಟ್ಟರೆ ಅಪಾಯವಿಲ್ಲ. ಹಳೆಯ ಲಸಿಕೆ ಕಾರ್ಡ್ ಇಲ್ಲದಿದ್ದರೆ ಎಡತೋಳಿನ ಬಿಸಿಜಿ ಕಲೆ ನೋಡುತ್ತಾರೆ. ಉಳಿದವು ಆಗಿಲ್ಲ ಎಂದೇ ಭಾವಿಸಿ ಕೊಡುವುದು ಕ್ಷೇಮ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ರಾತ್ರಿ ಜ್ವರ ಬರಬಹುದು ಎಂದು ತಾಯಿಗೆ ಮೊದಲೇ ಹೇಳಿ. ಹೇಳದಿದ್ದರೆ ಮಗುವಿಗೆ ಏನೋ ಆಯಿತೆಂದು ಹೆದರಿ ಮುಂದಿನ ಗುರುವಾರ ಆಕೆ ಬರುವುದಿಲ್ಲ.

ಕೆಲಸ ಕೊಡುವವರಿಗೆ ಒಂದು ಮಾತು. ಗುರುವಾರ ಕೇಂದ್ರಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಅರ್ಧ ದಿನದ ಕೂಲಿ ಹಿಡಿಯದೆ ಕಳಿಸಿ. ಬೇರೆ ಯಾವ ದಾನಕ್ಕಿಂತಲೂ ಇದು ಹೆಚ್ಚಿನ ಉಪಕಾರ.

ಲಸಿಕೆಯ ಆಚೆಗೆ

ಒಂಬತ್ತನೇ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ, ಒಟ್ಟು ಒಂಬತ್ತು ಸಲ. ಫೆಬ್ರುವರಿ ಮತ್ತು ಆಗಸ್ಟ್ 10ರ ಸುಮಾರಿಗೆ 1ರಿಂದ 19 ವರ್ಷದವರಿಗೆ ಜಂತುಹುಳುವಿನ ಮಾತ್ರೆ. ಅಂಗನವಾಡಿಯಲ್ಲಿ ತೂಕ, ಎತ್ತರ ನೋಡುತ್ತಾರೆ. ಕಣ್ಣು, ಕಿವಿ, ಹೃದಯದ ತೊಂದರೆಗಳನ್ನು ಮೊದಲೇ ಗುರುತಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಆದ್ದರಿಂದ ಮಗುವಿನ ಹೆಸರು ಅಂಗನವಾಡಿಯಲ್ಲಿ ಇದ್ದರೆ ಇವೆಲ್ಲ ಒಂದೆಡೆ ಸಿಗುತ್ತವೆ.

ಹತ್ತಿರ ಅಂಗನವಾಡಿಯೇ ಇಲ್ಲವೇ? ಆರು ವರ್ಷದೊಳಗಿನ 40 ಮಕ್ಕಳಿರುವ ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಆ ಆದೇಶ ಉಲ್ಲೇಖಿಸಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಮಗು ಇಲ್ಲೇ ಹುಟ್ಟಿದ್ದರೆ ಜನನ ನೋಂದಣಿ ಮಾಡಿಸಿ, 21 ದಿನದೊಳಗಾದರೆ ಶುಲ್ಕವಿಲ್ಲ. ಹುಟ್ಟಿದ ಪ್ರತಿ ಮಗುವೂ ನೋಂದಣಿಯಾಗಬೇಕೆಂಬುದು 1969ರಿಂದಲೂ ಕಾನೂನು. ಅದರಿಂದಲೇ ಪೌರತ್ವ ಬರುವುದಿಲ್ಲ, ಆದರೆ ಮಗುವಿನ ವಯಸ್ಸಿಗೆ ಅದೇ ಆಧಾರ.

ಇಲ್ಲ ಎಂದರೆ ಏನು ಮಾಡುವುದು

ಗೇಟಿನಲ್ಲೋ ಕೌಂಟರಿನಲ್ಲೋ ಯಾರಾದರೂ ಆಧಾರ್ ತನ್ನಿ ಎಂದು ವಾಪಸ್ ಕಳಿಸಿದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ತಾಯಿ ಹೆದರಿ ಹೋಗುತ್ತಾಳೆ. ವೈದ್ಯಾಧಿಕಾರಿಯನ್ನು ಕಾಣಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ, ನಂತರ ಜಿಲ್ಲೆಯ ಆರ್‌ಸಿಎಚ್ ಅಧಿಕಾರಿ. ಲಸಿಕೆ ಕಾರ್ಯಕ್ರಮ ಅವರ ಹೊಣೆ. ಮಕ್ಕಳ ಸಹಾಯವಾಣಿ 1098ಕ್ಕೂ ದೂರು ಕೊಡಬಹುದು.

ಊರು ಬಿಡುವಾಗ

ಈ ಕುಟುಂಬಗಳು ಒಂದೆಡೆ ನಿಲ್ಲುವುದಿಲ್ಲ. ಕಾಮಗಾರಿ ಮುಗಿದರೆ, ಕಾಫಿ ಕೊಯ್ಲು ಮುಗಿದರೆ ಗಂಟುಮೂಟೆ ಕಟ್ಟುತ್ತಾರೆ. ಲಸಿಕೆಗಳ ವಿವರ ಬರೆದಿರುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ, ಎರಡೂ ಬದಿಯ ಫೋಟೊ ತಂದೆತಾಯಿಯ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ನರ್ಸಮ್ಮ ಸರ್ಕಾರದ ಲಸಿಕೆ ದಾಖಲಾತಿಯ ಯು-ವಿನ್ ಆ್ಯಪ್‌ನಲ್ಲಿ ದಾಖಲಿಸಿದ್ದಾರೆಯೇ ಎಂದು ಕೇಳಿ. ದಾಖಲಾಗಿದ್ದರೆ ಇಲ್ಲಿ ಹಾಕಿದ ಡೋಸ್ ಬೇರೆ ರಾಜ್ಯದಲ್ಲೂ ಕಾಣುತ್ತದೆ. ನೋಂದಾಯಿಸಿದ ಫೋನ್ ನಂಬರನ್ನು ಕಾರ್ಡಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ, ಸಿಮ್ ಬದಲಾದರೂ ದಾಖಲೆ ಹುಡುಕಲು ಅದು ಬೇಕಾಗುತ್ತದೆ. ಮುಂದಿನ ಡೋಸ್ ಯಾವ ತಿಂಗಳು ಎಂಬುದನ್ನು ಅದರ ಕೆಳಗೆ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆಸಿ.