ಮೂರೂವರೆ ಕೋಟಿ ದಾಖಲೆಗಳ ನಡುವೆ

2001ನೆಯ ಇಸವಿಯ ಮೇ ತಿಂಗಳಿನಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸದ ಮೂಲವನ್ನು ಅರಸುವ ಪ್ರಯೋಗವೊಂದು ನಡೆಯಿತು. ಆರೋಗ್ಯವಂತಳಾದ 24 ವರ್ಷದ ತರುಣಿಯೊಬ್ಬಳು ತಾನಾಗಿಯೇ ಮುಂದೆ ಬಂದು, ಹೆಕ್ಸಮೆಥೋನಿಯಮ್ ಎಂಬ ಔಷಧವನ್ನು ಉಸಿರಿನೊಡನೆ ಒಳಗೆಳೆದುಕೊಂಡಳು. ಕೆಲವೇ ದಿನಗಳಲ್ಲಿ ಆಕೆಯ ಶ್ವಾಸಕೋಶಗಳು ಕೆಟ್ಟುವು. ಜೂನ್ 2ರಂದು ಆಕೆ ತೀರಿಕೊಂಡಳು. ಈ ಔಷಧದಿಂದ ಶ್ವಾಸಕೋಶಗಳಿಗೆ ಕೇಡುಂಟಾಗಬಹುದೆಂಬ ವರದಿಗಳು 1950ರ ದಶಕದಲ್ಲಿಯೇ ವೈದ್ಯಪತ್ರಿಕೆಗಳಲ್ಲಿ ಅಚ್ಚಾಗಿದ್ದುವು. ಸಂಶೋಧಕರು ಹುಡುಕದೆ ಇರಲಿಲ್ಲ. ಆದರೆ ಅವರು ನೋಡಿದ ಪಬ್‌ಮೆಡ್ ಎಂಬ ಸೂಚಿಯಲ್ಲಿ ಆಗ ಇದ್ದುದು 1966ರಿಂದ ಈಚಿನ ಲೇಖನಗಳು. ಅದಕ್ಕೂ ಹಿಂದಿನವು ಗ್ರಂಥಾಲಯದ ಕಪಾಟುಗಳಲ್ಲಿ, ಅಚ್ಚಿನ ಸೂಚಿಗಳೊಳಗೆ ಉಳಿದಿದ್ದುವು.

ಹುಡುಕುವುದೂ ಒಂದು ವಿದ್ಯೆಯೆಂದು ಗ್ರಂಥಪಾಲಕರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಈ ವಿದ್ಯೆ ಹೇಗೆ ನಡೆಯುತ್ತದೆಂಬುದನ್ನು ನಮ್ಮ ನಾಡಿನದೇ ಆದ ಒಂದು ವಿಷಯವನ್ನು ಹಿಡಿದು ನೋಡೋಣ.

ಮೊದಲು ಪಬ್‌ಮೆಡ್‌ನ ಪರಿಚಯ. ಜಾನ್ ಶಾ ಬಿಲ್ಲಿಂಗ್ಸ್ ಎಂಬ ಅಮೆರಿಕದ ಸೇನಾವೈದ್ಯರು 1879ರಲ್ಲಿ ವೈದ್ಯಕೀಯ ನಿಯತಕಾಲಿಕಗಳ ಲೇಖನಗಳಿಗೆಲ್ಲ ವಿಷಯಾನುಸಾರವಾದ ಸೂಚಿಯೊಂದನ್ನು ಆರಂಭಿಸಿದರು. ‘ಇಂಡೆಕ್ಸ್ ಮೆಡಿಕಸ್’ ಎಂಬುದು ಅದರ ಹೆಸರು. 1964ರಲ್ಲಿ ಆ ಕೆಲಸಕ್ಕೆ ಗಣಕಯಂತ್ರ ಬಂದಿತು. 1997ರಿಂದ ಈ ಭಂಡಾರವು ಪಬ್‌ಮೆಡ್ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಉಚಿತವಾಗಿ ತೆರೆದಿದೆ; ಅಚ್ಚಿನ ಸೂಚಿ 2004ರಲ್ಲಿ ನಿಂತುಹೋಯಿತು. ಇಂದು ಇದರಲ್ಲಿ 3.5 ಕೋಟಿಗೂ ಹೆಚ್ಚು ದಾಖಲೆಗಳಿವೆ. ಇಲ್ಲಿ ನಾವು ಹುಡುಕುವುದು ಇಡೀ ಲೇಖನದಲ್ಲಲ್ಲ. ಅದರ ಶೀರ್ಷಿಕೆ, ಸಾರಾಂಶ, ಲೇಖಕರ ಹೆಸರು, ವಿಷಯಶೀರ್ಷಿಕೆಗಳು ಮುಂತಾದುವುಗಳಿರುವ ಒಂದು ಚೀಟಿಯಲ್ಲಿ ಮಾತ್ರ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದಿನ ತೊಡಕುಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ.

ಕಾಲೇಜಿನ ವಿದ್ಯಾರ್ಥಿಯೊಬ್ಬನು ಗ್ರಂಥಪಾಲಕರ ಬಳಿಗೆ ಬಂದು, ‘ಮಂಗನ ಕಾಯಿಲೆಯ ಲಸಿಕೆಯ ವಿಷಯದಲ್ಲಿ ಪ್ರಬಂಧ ಬರೆಯಬೇಕಾಗಿದೆ, ಸಾರ್’ ಎನ್ನುತ್ತಾನೆಂದು ಇಟ್ಟುಕೊಳ್ಳೋಣ. ಇಂಗ್ಲಿಷಿನಲ್ಲಿ ‘ಮಂಕಿ’ ಎಂದೂ ‘ಫೀವರ್’ ಎಂದೂ ಒತ್ತಿ ನೋಡಿದ್ದಾನೆ. ಹಳದಿ ಜ್ವರ, ಡೆಂಗ್ಯೂ, ಮಂಗಗಳ ಮೇಲೆ ನಡೆದ ಇನ್ನೆಷ್ಟೋ ಪ್ರಯೋಗಗಳು ರಾಶಿರಾಶಿಯಾಗಿ ಬಂದು ಬಿದ್ದಿವೆ. ಅವನು ಮೊದಲ ಪುಟವನ್ನಷ್ಟೆ ಬರೆದುಕೊಂಡು ಬಂದಿದ್ದಾನೆ. ಇದು ಎಲ್ಲರೂ ಮಾಡುವ ಕೆಲಸ, ನಾವೂ ಮಾಡಿದ್ದೇವೆ.

ಗ್ರಂಥಪಾಲಕರು ಕೀಲಿಮಣೆಯನ್ನು ಕೂಡಲೇ ಮುಟ್ಟುವುದಿಲ್ಲ. ಒಂದು ಹಾಳೆಯನ್ನು ತೆಗೆದುಕೊಂಡು ಪ್ರಶ್ನೆಯನ್ನು ಎರಡು ತುಂಡು ಮಾಡುತ್ತಾರೆ: ಒಂದು ಕಾಯಿಲೆ, ಇನ್ನೊಂದು ಲಸಿಕೆ. ಒಂದೊಂದಕ್ಕೂ ಲೇಖಕರು ಯಾವ ಯಾವ ಹೆಸರುಗಳನ್ನು ಬಳಸಿರಬಹುದೆಂದು ಕೆಳಗೆ ಬರೆಯುತ್ತಾರೆ. ಈ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಗುರುತಿಗೆ ಬಂದುದರಿಂದ ಶಾಸ್ತ್ರದಲ್ಲಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎನಿಸಿಕೊಂಡಿದೆ. ಚಿಕ್ಕದಾಗಿ ಕೆ.ಎಫ್.ಡಿ. ಎನ್ನುವುದುಂಟು. ಆದರೆ ಕೆ.ಎಫ್.ಡಿ. ಎಂದಷ್ಟೇ ಹುಡುಕಿದರೆ ಜಪಾನಿನ ಇಬ್ಬರು ವೈದ್ಯರ ಹೆಸರು ಹೊತ್ತ ಕಿಕುಚಿ–ಫುಜಿಮೋಟೊ ಎಂಬ ಬೇರೊಂದು ರೋಗವೂ ಎದ್ದು ಬರುತ್ತದೆ. ಅದರ ಹ್ರಸ್ವರೂಪವೂ ಅದೇ! ಕತ್ತಿನ ಗ್ರಂಥಿಗಳು ಊದುವ ಆ ರೋಗಕ್ಕೂ ನಮ್ಮ ಉಣುಗಿನಿಂದ ಹರಡುವ ಜ್ವರಕ್ಕೂ ಯಾವ ನಂಟೂ ಇಲ್ಲ.

ಹೆಸರುಗಳನ್ನು ಬರೆದಾಯಿತು. ಇನ್ನು ಅವನ್ನು ಹೊಂದಿಸಬೇಕು. ಇದಕ್ಕೆ ಬೇಕಾದ ಗಣಿತವನ್ನು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಅಧ್ಯಾಪಕರಾಗಿದ್ದ ಜಾರ್ಜ್ ಬೂಲ್ 1854ರಲ್ಲಿಯೇ ಬರೆದಿಟ್ಟಿದ್ದರು. ‘ಆಂಡ್’ ಎಂಬ ಪದವನ್ನು ನಡುವೆ ಇಟ್ಟರೆ ಎರಡೂ ಪದಗಳಿರುವ ಚೀಟಿಗಳು ಮಾತ್ರ ಬರುತ್ತವೆ. ‘ಆರ್’ ಇಟ್ಟರೆ ಯಾವುದಾದರೊಂದಿದ್ದರೂ ಸಾಕು. ‘ನಾಟ್’ ಇಟ್ಟರೆ ಎರಡನೆಯ ಪದವಿರುವುದೆಲ್ಲ ಹೊರಗೆ. ಇಲ್ಲಿ ಆಡುಮಾತು ನಮ್ಮನ್ನು ಮೋಸಗೊಳಿಸುತ್ತದೆ. ‘ಉಣುಗಿನ ಮತ್ತು ಲಸಿಕೆಯ ಲೇಖನಗಳು ಬೇಕು’ ಎಂದು ನಾವು ಬಾಯಿಮಾತಿನಲ್ಲಿ ಹೇಳಿದಾಗ ಎರಡು ರಾಶಿಯೂ ಬೇಕೆಂದೇ ಅರ್ಥ. ಯಂತ್ರಕ್ಕೆ ‘ಆಂಡ್’ ಎಂದರೆ, ಉಣುಗಿನ ಮಾತೂ ಲಸಿಕೆಯ ಮಾತೂ ಒಂದರಲ್ಲಿಯೇ ಇರುವ ನಾಲ್ಕಾರು ಲೇಖನಗಳನ್ನಷ್ಟೆ ಕೊಟ್ಟು ಸುಮ್ಮನಾಗುತ್ತದೆ.

ಒಂದೇ ವಸ್ತುವಿನ ಹಲವು ಹೆಸರುಗಳನ್ನು ‘ಆರ್’ನಿಂದ ಪೋಣಿಸಿ ಕಂಸದೊಳಗಿಡಬೇಕು; ಕಂಸ ಕಂಸಗಳ ನಡುವೆ ‘ಆಂಡ್’ ಬರಬೇಕು. ಕಂಸವನ್ನು ಮರೆತರೇನಾಗುತ್ತದೆ? ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ‘ಕ್ಯಾಸನೂರ್ ಆಂಡ್ ವ್ಯಾಕ್ಸೀನ್ ಆರ್ ಇಮ್ಯುನೈಸೇಷನ್’ ಎಂದು ಬರೆದರೆ, ಮೊದಲೆರಡನ್ನು ಕೂಡಿಸಿ, ಅದರ ಮೇಲೆ ಜಗತ್ತಿನ ಎಲ್ಲ ರೋಗಗಳ ಇಮ್ಯುನೈಸೇಷನ್ ಲೇಖನಗಳನ್ನೂ ಸುರಿದುಬಿಡುತ್ತದೆ. ಪದದ ಬುಡವನ್ನು ಬರೆದು ನಕ್ಷತ್ರಚಿಹ್ನೆ ಹಾಕಿದರೆ ಆ ಬುಡದಿಂದ ಹುಟ್ಟಿದ ರೂಪಗಳೆಲ್ಲ ಒಟ್ಟಿಗೆ ಬರುತ್ತವೆಂಬುದೂ ಉಪಯುಕ್ತವಾದ ವಿಷಯ. ‘ನಾಟ್’ ಎಂಬುದನ್ನು ಮಾತ್ರ ಹಿಡಿತದಿಂದ ಬಳಸಬೇಕು. ‘ಕಿಕುಚಿ’ಯನ್ನು ಹೊರಗಿಡುವುದು ಸರಿ, ಮನುಷ್ಯರ ವಿಷಯ ಮಾತ್ರ ಬೇಕೆಂದು ‘ಮಂಕಿ’ಯನ್ನು ಹೊರಗಿಟ್ಟರೆ, ಮನುಷ್ಯರನ್ನೂ ಮಂಗಗಳನ್ನೂ ಒಟ್ಟಿಗೆ ನೋಡಿದ ಒಳ್ಳೆಯ ಲೇಖನಗಳೇ ಹೊರಟುಹೋಗುತ್ತವೆ.

ಲೇಖಕರ ಪದಗಳನ್ನೇ ನೆಚ್ಚದೆ ಇನ್ನೊಂದು ದಾರಿಯೂ ಉಂಟು. ಪಬ್‌ಮೆಡ್‌ನ ಬಹುಪಾಲು ಚೀಟಿಗಳಿಗೆ, ಲೇಖಕರು ಏನೆಂದು ಕರೆದಿದ್ದರೂ, ಒಂದು ನಿಯತವಾದ ಪಟ್ಟಿಯಿಂದ ವಿಷಯಶೀರ್ಷಿಕೆಗಳನ್ನು ಹಚ್ಚಲಾಗಿದೆ. ಇದನ್ನು ‘ಮೆಶ್’ ಎನ್ನುತ್ತಾರೆ. ಇದು ಮರದಂತೆ ಕವಲೊಡೆದಿದೆ: ಫ್ಲಾವಿವೈರಸ್ ಸೋಂಕುಗಳೆಂಬ ಕೊಂಬೆಯನ್ನು ಹಿಡಿದರೆ ಡೆಂಗ್ಯೂ, ಹಳದಿ ಜ್ವರ ಮುಂತಾದ ರೆಂಬೆಗಳೂ ಜೊತೆಯಲ್ಲಿ ಬರುತ್ತವೆ. ನಮ್ಮ ಕಾಯಿಲೆಗೂ ಅದರ ಶಾಸ್ತ್ರೀಯ ನಾಮದಲ್ಲಿ ಒಂದು ಶೀರ್ಷಿಕೆಯಿದೆ. ಹಾಗೆಂದು ಶೀರ್ಷಿಕೆಯನ್ನೇ ನಂಬಿ ಕೂರುವಂತಿಲ್ಲ. ಅದಿಲ್ಲದ ಚೀಟಿಗಳೂ ಬೇಕಾದಷ್ಟಿವೆ. ಆದುದರಿಂದ ಬಲ್ಲವರು ಶೀರ್ಷಿಕೆಯನ್ನೂ ಬಿಡಿಪದಗಳನ್ನೂ ‘ಆರ್’ನಿಂದ ಕೂಡಿಸುತ್ತಾರೆ.

ಎಷ್ಟು ಬಂದರೆ ಸಾಕು? ಇಂಗ್ಲೆಂಡಿನ ಕ್ರಾನ್‌ಫೀಲ್ಡಿನಲ್ಲಿ ಗ್ರಂಥಪಾಲಕರಾಗಿದ್ದ ಸಿರಿಲ್ ಕ್ಲೆವರ್ಡನ್ 1950 ಮತ್ತು 60ರ ದಶಕಗಳಲ್ಲಿ ಸೂಚೀಪದ್ಧತಿಗಳನ್ನು ಪ್ರಯೋಗಶಾಲೆಯ ಶಿಸ್ತಿನಿಂದ ಪರೀಕ್ಷಿಸಿದರು. ಇರುವ ಉಪಯುಕ್ತ ಲೇಖನಗಳಲ್ಲಿ ಎಷ್ಟು ಪಾಲು ಸಿಕ್ಕಿತೆಂಬುದು ಒಂದು ಅಳತೆ. ಸಿಕ್ಕವುಗಳಲ್ಲಿ ಎಷ್ಟು ಪಾಲು ಉಪಯುಕ್ತವೆಂಬುದು ಇನ್ನೊಂದು. ಒಂದನ್ನು ಹೆಚ್ಚಿಸಹೊರಟರೆ ಸಾಮಾನ್ಯವಾಗಿ ಮತ್ತೊಂದು ತಗ್ಗುತ್ತದೆ. ಬಲೆಯ ಕಣ್ಣು ಕಿರಿದಾದಷ್ಟೂ ಮೀನಿನೊಡನೆ ಕಸವೂ ಬರುವುದಷ್ಟೆ. ನಾಳೆಯ ತರಗತಿಗೆ ನಾಲ್ಕು ಲೇಖನ ಬೇಕಾದವನಿಗೆ ದೊಡ್ಡ ಕಣ್ಣಿನ ಬಲೆ ಸಾಕು. ಮನುಷ್ಯರಿಗೆ ಔಷಧ ಕೊಡಹೊರಟವರು ಕಸವನ್ನು ಹೆಕ್ಕುವ ಬೇಸರಕ್ಕೆ ಅಂಜಬಾರದು.

ನಮ್ಮ ವಿದ್ಯಾರ್ಥಿಯ ವಿಷಯದಲ್ಲಿಯೂ ಇದು ಪೊಳ್ಳುಮಾತಲ್ಲ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ಮಲೆನಾಡಿನಲ್ಲಿ ಹಲವು ವರ್ಷ ಕೊಡಲಾಯಿತು. 1994ರಲ್ಲಿ ಪ್ರಕಟವಾದ ವರದಿಯಂತೆ ಎರಡು ಬಾರಿ ಹಾಕಿಸಿಕೊಂಡವರಲ್ಲಿ ಅದರ ಪರಿಣಾಮ ಸುಮಾರು ಶೇಕಡ 94. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಅದು ಸುಮಾರು ಶೇಕಡ 62 ಮಾತ್ರ. ಮೊದಲನೆಯದೊಂದೇ ಕೈಗೆ ಸಿಕ್ಕವನು ಬರೆಯುವ ಪ್ರಬಂಧವೇ ಬೇರೆ, ಎರಡನ್ನೂ ಕಂಡವನದೇ ಬೇರೆ.

ಹಳೆಯ ಲೇಖನಗಳ ತೊಡಕು ಇನ್ನೂ ಸ್ವಾರಸ್ಯವಾದುದು. 2001ರ ಬಳಿಕ ಪಬ್‌ಮೆಡ್‌ಗೆ 1940ರ ದಶಕದ ಕೊನೆಯವರೆಗಿನ ಚೀಟಿಗಳು ಸೇರಿವೆ. ಆದರೆ 1975ಕ್ಕೆ ಹಿಂದಿನ ಬಹುತೇಕ ಚೀಟಿಗಳಲ್ಲಿ ಸಾರಾಂಶವೇ ಇಲ್ಲ. ಕೇವಲ ಒಂದು ಸಾಲಿನ ಶೀರ್ಷಿಕೆಯಲ್ಲಿ ನಾವು ಕೇಳುವ ನಾಲ್ಕು ಪದಗಳೂ ಇರುವುದೆಂತು? ಹೀಗಾಗಿ ‘ಆಂಡ್’ ಒಂದೊಂದನ್ನು ಸೇರಿಸಿದಂತೆಲ್ಲ ಮೊದಲು ಕಳಚಿಬೀಳುವುವು ಹಳೆಯವೇ. ಊರುಗಳ ಹೆಸರೂ ಬದಲಾಗಿದೆ. 1973ಕ್ಕೆ ಹಿಂದಿನ ಲೇಖನದಲ್ಲಿ ‘ಕರ್ನಾಟಕ’ವನ್ನು ಹುಡುಕುವುದು ವ್ಯರ್ಥ, ಅಲ್ಲಿರುವುದು ‘ಮೈಸೂರು’. 2014ಕ್ಕೆ ಹಿಂದೆ ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದೇ ಬರೆಯುತ್ತಿದ್ದರು.

ಎಲ್ಲಕ್ಕೂ ಮಿಗಿಲಾದ ಸೋಜಿಗವೊಂದಿದೆ. ಈ ಕಾಯಿಲೆಯ ಮೊದಮೊದಲ ವರದಿಗಳಲ್ಲೊಂದನ್ನು ಪುಣೆಯ ವೈರಸ್ ಸಂಶೋಧನ ಕೇಂದ್ರದ ವರ್ಕ್ ಮತ್ತು ಟ್ರಪೀಡೊ 1957ರಲ್ಲಿ ಪ್ರಕಟಿಸಿದರು. ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕಾಡಿನ ಹಳ್ಳಿಗರಿಗೂ ಕಾಡುಮಂಗಗಳಿಗೂ ಬಂದ ರೋಗದ ವಿಷಯವೆಂದು ಅದರ ಶೀರ್ಷಿಕೆ ಹೇಳುತ್ತದೆ. ‘ಕ್ಯಾಸನೂರು’ ಎಂಬ ಪದ ಅದರಲ್ಲಿಲ್ಲ. ಶೀರ್ಷಿಕೆಯನ್ನಷ್ಟೆ ಬಲ್ಲ ಚೀಟಿಯಲ್ಲಿ ರೋಗದ ಹೆಸರಿನಿಂದ ಹುಡುಕುವವನಿಗೆ ರೋಗದ ಜಾತಕವೇ ಸಿಗಲಾರದು.

ಅಂಥದನ್ನು ಹಿಡಿಯುವ ಉಪಾಯ ಬೇರೆ. ಚೆನ್ನಾದ ಒಂದು ಲೇಖನ ದೊರೆತರೆ ಅದರ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ನೋಡಿ ಮುಂದಕ್ಕೂ ಬರಬೇಕು. ಈ ಮುಂದಿನ ದಾರಿಯನ್ನು ತೆರೆದವರು ಯೂಜೀನ್ ಗಾರ್ಫೀಲ್ಡ್. ಅವರ ಉಲ್ಲೇಖಸೂಚಿ ಕ್ರಮವಾಗಿ ಹೊರಬರತೊಡಗಿದುದು 1964ರಲ್ಲಿ. 2013ರ ಲಸಿಕೆಯ ಲೇಖನದಿಂದ ಹೊರಟು, ಪಟ್ಟಿಯಿಂದ ಪಟ್ಟಿಗೆ ಇಳಿಯುತ್ತ ಹೋದರೆ, ಕೆಲವೇ ಮೆಟ್ಟಿಲುಗಳಲ್ಲಿ ನಾವು 1957ಕ್ಕೆ ಬಂದು ನಿಲ್ಲುತ್ತೇವೆ. ಅಲ್ಲಿಂದಾಚೆಗೆ ಗಣಕಯಂತ್ರವನ್ನು ಬಿಟ್ಟು, ಹಳೆಯ ಸಂಪುಟಗಳಿರುವ ಕೋಣೆಯ ಬೀಗದಕೈಯನ್ನು ಗ್ರಂಥಪಾಲಕರಿಂದ ಕೇಳಿ ಪಡೆಯಬೇಕಾಗಬಹುದು.